ಪರಸಪ್ಪ ಇಳಿಸಿದ ಕತ್ತಿ

ಪರಸಪ್ಪನವರು ಆಡಿನ ಹೊಟ್ಟೆಗೆ ಅಂಗೈ ಹಚ್ಚಿದರೆಂದರೆ ಅಂಗಡಿಯಲ್ಲಿ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಬೆಳಗಿನ ಗಿರಾಕಿಗಳು ಚೀಲ ಮಡಿಸಿಕೊಂಡು ನಿಲ್ಲುತ್ತಿದ್ದರು. ದುಡ್ಡಿನ ಗಲ್ಲೆಯಲ್ಲಿ ಕೂತ ಮಗ ಮಂಜುನಾಥ ಮೊಬೈಲು ಮಗುಚಿ ಇಡುತ್ತಿದ್ದ. ಹಿತ್ತಿಲಲ್ಲಿ ಆಡಿನ ತಲೆ-ಕಾಲು ಸುಡುತ್ತಿದ್ದ ಹೆಂಡತಿ ಗಂಗವ್ವ ಕೂಡ ಬೆಂಕಿ ಊದುವುದನ್ನು ನಿಲ್ಲಿಸುತ್ತಿದ್ದರು. ಆರಡಿ ಎತ್ತರದ ಆ ಮನುಷ್ಯ ಕಣ್ಣು ಮುಚ್ಚಿ, ಎಡಗೈಯಿಂದ ಆಡಿನ ಹೊಟ್ಟೆಯನ್ನು ಕೆಳಗಿನಿಂದ ತುಸು ಎತ್ತಿ ಹಿಡಿದು, ಬಲಗೈಯನ್ನು ಅದರ ಬಲಪಕ್ಕದ ಮೇಲಿಟ್ಟು ಕಾಯುತ್ತಿದ್ದರು. "ಇಲ್ಲ" ಅಂದರೆ ಆಡು ಪರದೆಯ ಆಚೆಗೆ, ಕತ್ತಿಗೆ. "ಐತಿ" ಅಂದರೆ ಕೊಟ್ಟಿಗೆಗೆ, ಮರಿ ಹಾಕುವ ತನಕ. ಮದುವೆ ಮನೆಯ ಆರ್ಡರಿದ್ದರೂ ಆ ಮಾತು ಬದಲಾಗುತ್ತಿರಲಿಲ್ಲ.

ಸಿರಸಿಯ ಬನವಾಸಿ ರಸ್ತೆಯಲ್ಲಿ ಅವರದು ಮೂರು ತಲೆಮಾರಿನ ಮಟನ್ ಅಂಗಡಿ. ಕಡಿಯುತ್ತಿದ್ದುದು ಹೆಚ್ಚಾಗಿ ಹೋತಗಳನ್ನೇ. ಆದರೆ ಗೊಡ್ಡು ಬಿದ್ದಿದೆ ಎಂದು ರೈತರು ಮಾರಿದ ಹೆಣ್ಣಾಡುಗಳೂ ಬರುತ್ತಿದ್ದವು. ಎಷ್ಟೋ ಸಲ ಅವು ಗೊಡ್ಡಾಗಿರುತ್ತಿರಲಿಲ್ಲ. ಅದಕ್ಕೇ ಆ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ಕಟ್ಟಳೆ. ಗಬ್ಬದ ಆಡಿಗೆ ಕತ್ತಿ ಹಾಕಿದವನು ಅವತ್ತೇ ಕತ್ತಿ ಇಳಿಸಬೇಕು, ಮತ್ತೆ ಜನ್ಮದಲ್ಲಿ ಮುಟ್ಟಕೂಡದು. ಪರಸಪ್ಪನವರ ಚಿಕ್ಕಪ್ಪನೊಬ್ಬರು ಹಾಗೆ ಮೂವತ್ತರ ಪ್ರಾಯಕ್ಕೇ ಕತ್ತಿ ಇಳಿಸಿ, ಸಾಯುವವರೆಗೂ ಬನವಾಸಿಯ ಸಂತೆಯಲ್ಲಿ ಶುಂಠಿ ಮಾರಿದರಂತೆ.

ನಾನು ಆ ಊರಿಗೆ ಪಶುವೈದ್ಯೆಯಾಗಿ ಬಂದವಳು. ಮೊದಲ ನೇಮಕ, ಹೊಸ ಸ್ಟೆತಸ್ಕೋಪು, ಮೈತುಂಬ ಪಾಂಡಿತ್ಯ. ಒಂದು ದಿನ ಪರಸಪ್ಪನವರೂ ಒಬ್ಬ ರೈತನೂ ಒಂದು ಕಂದು ಆಡನ್ನು ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ರೈತ ಗೊಡ್ಡು ಎನ್ನುತ್ತಿದ್ದ, ಇವರು ಗಬ್ಬ ಎನ್ನುತ್ತಿದ್ದರು. ನಮ್ಮಲ್ಲಿ ಸ್ಕ್ಯಾನಿಂಗ್ ಯಂತ್ರ ಇರಲಿಲ್ಲ. ನಾನು ಹೊಟ್ಟೆ ಒತ್ತಿ, ಹಿಸುಕಿ, ಪುಸ್ತಕದಲ್ಲಿದ್ದುದನ್ನೆಲ್ಲ ಮಾಡಿ ಗೊಡ್ಡೇ ಎಂದು ತೀರ್ಪು ಕೊಟ್ಟೆ. ಪರಸಪ್ಪನವರು ಕೈ ಮುಗಿದು ಆಡನ್ನು ತಮ್ಮ ಕೊಟ್ಟಿಗೆಗೆ ಹೊಡೆದುಕೊಂಡು ಹೋದರು. ಎರಡು ತಿಂಗಳ ಮೇಲೆ ಎರಡು ಕಂಕುಳಲ್ಲೂ ಒಂದೊಂದು ಮರಿ ಇರುಕಿಕೊಂಡು ಮತ್ತೆ ಬಂದರು. ಹಂಗಿಸಲಿಕ್ಕಲ್ಲ, ಒಂದಕ್ಕೆ ಭೇದಿ ಹತ್ತಿತ್ತು. ಔಷಧಿ ಕುಡಿಸುವಾಗ ನಾನು ತಲೆ ಎತ್ತಲಿಲ್ಲ.

ಮರುದಿನವೇ ಹೋಗಿ ಕಲಿಸಿಕೊಡಿ ಅಂದೆ. ನಮ್ಮದು ತಲೆತಲಾಂತರದಿಂದ ಮಾಂಸ ಮುಟ್ಟದ ಮನೆ. ಮಗಳು ಬೆಳಗಾದರೆ ಕಸಾಯಿ ಅಂಗಡಿಗೆ ಪಾಠಕ್ಕೆ ಹೋಗುತ್ತಾಳೆಂದು ಕೇಳಿ ಅವ್ವ ಫೋನಿನಲ್ಲಿ, ಸ್ನಾನ ಮಾಡಿಯೇ ಊಟಕ್ಕೆ ಕೂರುತ್ತೀಯಲ್ಲ ಎಂದಷ್ಟೇ ಕೇಳಿದಳು.

ಪಾಠ ಹಿತ್ತಿಲಲ್ಲಿ, ಅಂಗಡಿ ತೆರೆಯುವ ಮುಂಚೆ. ರಾತ್ರಿಯಿಡೀ ಮೇವಿಲ್ಲದ ಹೊಟ್ಟೆಯಲ್ಲಿ ಮಾತ್ರ ಕೈಗೆ ತಿಳಿಯುತ್ತದೆ ಎಂಬುದು ಅವರ ಮೊದಲ ಪಾಠ. ನಾನು ಬೆರಳು ಊರಿದರೆ ಅವರು ನನ್ನ ಮಣಿಕಟ್ಟು ಹಿಡಿದು ಸಡಿಲಿಸುತ್ತಿದ್ದರು.

"ಒತ್ತಬ್ಯಾಡ್ರಿ ಬಾಯಾರ. ಕೈ ಇಟ್ಟು ಸುಮ್ಮನಿರ್ರಿ. ಒಳಗಿದ್ದದ್ದು ತಾನಾಗೇ ಬಂದು ತಾಕತೈತಿ."

ಆ ದೊಡ್ಡ ಒರಟು ಕೈ ಒಂದು ಕಡೆ ಮಚ್ಚು ಬೀಸುತ್ತಿತ್ತು, ಇನ್ನೊಂದು ಕಡೆ ಹೆಸರುಕಾಳಿನಷ್ಟು ಗಂಟನ್ನು ಚರ್ಮದ ಮೇಲಿಂದಲೇ ಹುಡುಕುತ್ತಿತ್ತು. ಮೂಳೆಯನ್ನು ಅವರು ಎಂದೂ ಜಜ್ಜುತ್ತಿರಲಿಲ್ಲ. ಕೀಲು ಎಲ್ಲಿದೆಯೋ ಅಲ್ಲಿಗೇ ಕತ್ತಿ ಹೋಗಿ ನಿಲ್ಲುತ್ತಿತ್ತು. ನನ್ನ ಐದು ವರ್ಷದ ಕಾಲೇಜು ಮಾಂಸ ಕಡಿಯುವ ಆ ಹುಣಸೆ ಕೊರಡಿನ ಮುಂದೆ ಏನೂ ಅಲ್ಲ ಎಂದು ಎಷ್ಟೋ ದಿನ ಅನ್ನಿಸಿದೆ. ಅವರೆದುರು ನನಗೆ ಗೌರವಕ್ಕಿಂತ ಹೆಚ್ಚಿನದೇನೋ ಇತ್ತು, ಒಂದು ಬಗೆಯ ಭಯಭಕ್ತಿ.

ಎರಡು ವರ್ಷ ಹೀಗೆ ನಡೆಯಿತು. ಒಂದು ಬೆಳಿಗ್ಗೆ ಅವರು ನನ್ನನ್ನು ಹಿತ್ತಿಲ ಮೂಲೆಗೆ ಕರೆದು ತಮ್ಮ ಬಲಗೈ ಬೆರಳುಗಳನ್ನು ತೋರಿಸಿದರು. ಸಕ್ಕರೆ ಕಾಯಿಲೆ ಹೆಚ್ಚಾಗಿ ತುದಿಗಳು ಜೋಮು ಹಿಡಿದಿದ್ದವು. ಮನೆಯವರಿಗೆ ಹೇಳಿರಲಿಲ್ಲ. ಅಲ್ಲೇ ಬಿಳಿ ಮಚ್ಚೆಯ ಆಡೊಂದು ನಿಂತಿತ್ತು.

"ನನಗ ತಿಳಿವಲ್ದು. ನೀವು ನೋಡ್ರಿ."

ಹೆಮ್ಮೆಯಿಂದ ನನ್ನ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ. ಅವರಂತೆಯೇ ಕಣ್ಣು ಮುಚ್ಚಿ ಕೈ ಇಟ್ಟೆ, ಕಾದೆ, ಇಲ್ಲ ಎಂದೆ. ಅವರು ಆಡನ್ನು ಅಂಗಡಿಯೊಳಗೆ ಕರೆದೊಯ್ದು, ಎಲ್ಲರೆದುರು ತಾವೂ ಒಮ್ಮೆ ಅಂಗೈ ಇಟ್ಟು "ಇಲ್ಲ" ಅಂದರು. ನಾನು ಲಸಿಕೆ ಹಾಕುವ ಕೆಲಸಕ್ಕೆಂದು ಆಗಲೇ ಯಲ್ಲಾಪುರದ ಬಸ್ಸು ಹಿಡಿದೆ.

ಎಂಟು ದಿನ ಬಿಟ್ಟು ಬಂದಾಗ ಕೊರಡಿನ ಮುಂದೆ ಮಂಜುನಾಥ ನಿಂತಿದ್ದ. ಪರಸಪ್ಪನವರು ಗಲ್ಲೆಯಲ್ಲಿ ಕೂತಿದ್ದರು. ಗಬ್ಬದ ಆಡು ಕಡಿದರಂತೆ, ಮುದುಕನ ಕೈ ಹೋಯಿತಂತೆ ಎಂದು ಪೇಟೆಯೆಲ್ಲ ಆಡಿಕೊಳ್ಳುತ್ತಿತ್ತು. ನಾನಿಲ್ಲದಾಗ ಇನ್ನಾವುದೋ ಆಡಿಗೆ ಜೋಮಿನ ಕೈಯನ್ನೇ ನೆಚ್ಚಿದರೆಂದು ನನಗೆ ಸಿಟ್ಟು ಬಂತು. ಯಾವ ಆಡು ಎಂದು ಕೇಳುವ ಬುದ್ಧಿ ಮಾತ್ರ ಬರಲಿಲ್ಲ. ನಾನು ನೋಡಿದ್ದಲ್ಲ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

"ನಾನು ಬರೋತನಕ ಕಾಯಬಾರದಿತ್ತಾ ಕಾಕಾ?" ಎಂದು ಗದರಿದೆ.

"ಖರೆ ಬಾಯಾರ. ತಪ್ಪಾತು," ಅಂದರು.

ಆಮೇಲೆ ನಾಲ್ಕು ವರ್ಷ ಅವರು ಆ ಗಲ್ಲೆಯಲ್ಲೇ ಕೂತರು. ಹಳೆಯ ಗಿರಾಕಿಗಳು ಕುಟುಕಿದರೆ ನಕ್ಕುಬಿಡುತ್ತಿದ್ದರು. ಮಗನ ಕತ್ತಿ ಕೀಲು ತಪ್ಪಿ ಮೂಳೆಗೆ ಬಡಿದ ಸದ್ದಾದಾಗ ಮಾತ್ರ ಮುಖ ಆಚೆ ತಿರುಗಿಸುತ್ತಿದ್ದರು. ನನ್ನ ಹೆಸರು ಈ ನಡುವೆ ಚೆನ್ನಾಗಿಯೇ ಬೆಳೆಯಿತು. ಪರಸಪ್ಪ ಕಲಿಸಿದ ಕೈ ಎಂದು ಜನ ದೂರದಿಂದ ಆಡು ತರುತ್ತಿದ್ದರು.

ಸಿದ್ದಾಪುರಕ್ಕೆ ವರ್ಗವಾದಾಗ ಹೇಳಿ ಹೋಗಲು ಅವರ ಮನೆಗೆ ಹೋದೆ. ಚಹಾ ತಂದ ಗಂಗವ್ವ ಲೋಟ ಕೊಟ್ಟವರು ಒಳಗೆ ಹೋಗದೆ ನಿಂತೇ ಇದ್ದರು.

"ಯವ್ವಾ, ಆ ಬಿಳಿ ಮಚ್ಚಿ ಆಡಿಗೆ ನೀ ಕೈ ಇಟ್ಟಾಗ ನಾ ಹಿತ್ತಲ ಬಾಗಲದಾಗ ಇದ್ದೆ. ಕಡದಾಗ ನೋಡಿದ್ರ ಹೊಟ್ಯಾಗ ಒಂದು ಮರಿ ಇತ್ತು, ಗೇಣುದ್ದನೂ ಇದ್ದಿಲ್ಲ. ಹೇಳಬ್ಯಾಡ ಅಂತ ಆಣಿ ಹಾಕಿಸ್ಯಾರ ಇವರು. ನೀ ಊರು ಬಿಟ್ಟು ಹೊಂಟಿ, ಇನ್ನ ನನಗ ತಡಿಯಾಕ ಆಗವಲ್ದು."

ಪರಸಪ್ಪನವರು ಹೆಂಡತಿಯತ್ತ ಒಮ್ಮೆ ಬಿರುಗಣ್ಣು ಬಿಟ್ಟರು. ನಾನು ಲೋಟ ಕೆಳಗಿಟ್ಟೆ. ಯಾಕೆ ಹೇಳಲಿಲ್ಲ ಎಂದು ಪರಸಪ್ಪನವರನ್ನು ಕೇಳಿದೆ.

"ಅವತ್ತ ನಿಮ್ಮ ಹೆಸರ ಹೇಳಿದ್ರ," ಅಂದರು, "ಮರುದಿನಾ ಈ ಊರಾಗ ಯಾರು ತಮ್ಮ ಆಡಿಗೆ ನಿಮ್ಮ ಕೈ ಹಚ್ಚಿಸ್ತಿದ್ರು? ನಾ ನಲವತ್ತು ವರ್ಷ ಕತ್ತಿ ಹಿಡದಿದ್ದೆ ಬಾಯಾರ. ನಿಮ್ಮದಿನ್ನೂ ಸುರು ಆಗಿತ್ತು."

ಕತ್ತಿ ಹಾಕಿದವನು ತಾನೇ, ಆದ್ದರಿಂದ ಕತ್ತಿ ಇಳಿಸಬೇಕಾದವನೂ ತಾನೇ ಎಂದೂ ಹೇಳಿ, ಬಸ್ಸಿಗೆ ಹೊತ್ತಾಗುತ್ತದೆಂದು ನನ್ನನ್ನು ಎಬ್ಬಿಸಿದರು. ಅದೇ ಕೊನೆಯ ಭೇಟಿ. ಮರುವರ್ಷ ಅವರು ತೀರಿಕೊಂಡ ಸುದ್ದಿಯನ್ನು ಮಂಜುನಾಥ ಫೋನು ಮಾಡಿ ತಿಳಿಸಿದ.

ಈಗ ಸಿದ್ದಾಪುರದಲ್ಲಿ ನಿಲ್ಕುಂದದ ಕಡೆಯಿಂದಲೂ ಆಡು ಹಿಡಿದುಕೊಂಡು ಬರುತ್ತಾರೆ. ಡಾಕ್ಟರಮ್ಮ ಕೈ ಇಟ್ಟು ಹೇಳಿದ ಮೇಲೆ ಮುಗಿಯಿತು, ಅವರದು ಇವತ್ತಿನವರೆಗೆ ಒಂದೂ ತಪ್ಪಿಲ್ಲ ಎಂದು ಅವರು ತಮ್ಮೊಳಗೆ ಮಾತಾಡಿಕೊಳ್ಳುವುದು ನನ್ನ ಕಿವಿಗೆ ಬೀಳುತ್ತದೆ. ಒಂದು ತಪ್ಪಿದೆ ಎಂದು ಹೇಳಲು ಪ್ರತಿಸಲವೂ ಬಾಯಿ ತೆರೆಯುತ್ತೇನೆ. ಇವತ್ತಿನವರೆಗೆ ಒಬ್ಬರಿಗೂ ಹೇಳಲಾಗಿಲ್ಲ.