ಬೆಲ್ಲಿ ಡ್ಯಾನ್ಸ್ ಬೋರ್ಡಿಗೆ ಅಡ್ಡ ಇಟ್ಟ ಕ್ರೋಟನ್ ಗಿಡ

ನೀವು ಮನೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದ್ದೀರಿ, ಮನೆಯವರು ಅದನ್ನು ತಮಾಷೆ ಅಂದುಕೊಂಡು ಟೀವಿ ಕಡೆ ತಿರುಗಿದ್ದಾರೆ. ಹೀಗೆ ನಿಮಗೆ ಆಗಿದೆಯೇ? ನನಗಾಗಿದೆ. ನಲವತ್ತೆಂಟನೆಯ ವಯಸ್ಸಿನಲ್ಲಿ, ಊಟ ಬಡಿಸುತ್ತಾ, "ನಾಳೆಯಿಂದ ಬೆಲ್ಲಿ ಡ್ಯಾನ್ಸ್ ಕ್ಲಾಸಿಗೆ ಹೋಗ್ತೀನಿ" ಅಂದೆ. ನನ್ನ ಗಂಡ ಅನ್ನಕ್ಕೆ ಹುಳಿ ಕಲಸುತ್ತಾ, "ಬೆಲ್ಲಿ ಆಗ್ಲೇ ರೆಡಿ ಇದೆ, ಡ್ಯಾನ್ಸ್ ಒಂದು ಕಲಿತರಾಯ್ತು" ಅಂದರು. ಅತ್ತೆ ತಲೆ ಕೂಡ ಎತ್ತಲಿಲ್ಲ. ಯಾರೂ ನಂಬಲಿಲ್ಲ, ಹಾಗಾಗಿ ಯಾರೂ ತಡೆಯಲೂ ಇಲ್ಲ.

ಕ್ಲಾಸು ನಡೆಯುವುದು ಮೈಸೂರಿನ ಬನ್ನಿಮಂಟಪದ ಒಂದು ಮಹಿಳಾ ಸಮಾಜದ ಮಹಡಿಯಲ್ಲಿ. ಟೀಚರ್ ಪಕ್ಕದ ಕೆಸರೆ ಬಡಾವಣೆಯವರು, ನನ್ನದೇ ವಯಸ್ಸು. ಅರಬ್ ದೇಶಗಳ ಸೊಂಟದ ಕುಣಿತವನ್ನು ನಮ್ಮ ತಮಟೆ, ಕಂಸಾಳೆಯ ಪೆಟ್ಟಿಗೆ ಹೊಂದಿಸಿ ತಮ್ಮದೇ ಒಂದು ಫ್ಯೂಷನ್ ಮಾಡಿಕೊಂಡಿದ್ದಾರೆ. ಅವರ ಹತ್ತಿರ ಕಲಿತವರು ಬೇರೆ ಬೇರೆ ಊರುಗಳಲ್ಲಿ ಕ್ಲಾಸು ನಡೆಸುತ್ತಾರೆ. ಯೋಗ ಕಲಿಯಲು ಮೈಸೂರಿಗೆ ಬಂದ ವಿದೇಶದವರು ಅರ್ಧಕ್ಕೇ ಯೋಗ ಬಿಟ್ಟು ಇವರನ್ನು ಹುಡುಕಿಕೊಂಡು ಬರುತ್ತಾರೆ. ನಮ್ಮ ಬೀದಿಯಲ್ಲಿ ಮಾತ್ರ ಅವರು "ಆ ಬೋರ್ಡಿನವರು". ಗೇಟಿನೊಳಗೆ, ಮೆಟ್ಟಿಲ ಪಕ್ಕ, ನೆಲದ ಮೇಲೆ ಒರಗಿಸಿಟ್ಟ ಬೋರ್ಡು ಅದು. ಅದರ ಮೇಲೆ ಕೆಂಪಕ್ಷರದಲ್ಲಿ "ಫ್ಯೂಷನ್ ಬೆಲ್ಲಿ ಡ್ಯಾನ್ಸ್".

ನಮ್ಮ ಬ್ಯಾಚಿನಲ್ಲಿ ಒಬ್ಬರು ಮನೆಯಲ್ಲಿ ಯೋಗ ಅಂದಿದ್ದರು, ಇನ್ನೊಬ್ಬರು ಫಿಸಿಯೋಥೆರಪಿ ಅಂದಿದ್ದರು. ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವಾಕೆ ದೇವಿ ಪಾರಾಯಣ ಎಂದು ಹೇಳಿ ಬರುತ್ತಿದ್ದಳು. ವಾಪಸು ಹೋಗುವಾಗ ಬಸ್ ಸ್ಟಾಪಿನಲ್ಲಿ ಹಣೆ ತುಂಬ ಕುಂಕುಮ ಬಳಿದುಕೊಳ್ಳುತ್ತಿದ್ದಳು.

ತೊಂದರೆ ಏನೆಂದರೆ ಆ ಸಮಾಜಕ್ಕೆ ಅಧ್ಯಕ್ಷೆ ನಮ್ಮ ಅತ್ತೆ. ದಸರಾಕ್ಕೆ ಮುಂಚೆ ಕಮಿಟಿ ತೀರ್ಮಾನ ಮಾಡಿತು. ಬೋರ್ಡಿನಲ್ಲಿ "ಮಹಿಳಾ ಆರೋಗ್ಯ ವ್ಯಾಯಾಮ" ಎಂದು ಬರೆಸಬೇಕು, ಇಲ್ಲವೆಂದರೆ ಹಬ್ಬ ಮುಗಿದ ಮೇಲೆ ಹಾಲ್ ಖಾಲಿ ಮಾಡಬೇಕು. ಕಮಿಟಿಯಲ್ಲಿ ಒಬ್ಬರೂ ಕ್ಲಾಸು ನೋಡಿದವರಲ್ಲ. ಮೆಟ್ಟಿಲು ಹತ್ತಲು ಎಲ್ಲರಿಗೂ ಮಂಡಿ ನೋವು.

ಮಂಡಿ ನೋವಿಲ್ಲದ ಸೊಸೆ ಎಂದು ವಿಷಯ ಮುಟ್ಟಿಸಲು ನನ್ನನ್ನೇ ಕಳಿಸಿದರು. ಟೀಚರ್ ಸೊಂಟಕ್ಕೆ ಕಟ್ಟಿದ್ದ ಕಾಸಿನ ಪಟ್ಟಿ ಬಿಚ್ಚುತ್ತಾ ಕೇಳಿಸಿಕೊಂಡರು.

"ಹೆಸರು ಹೇಳಕ್ಕೆ ನಾನೇ ನಾಚ್ಕೊಂಡ್ರೆ ನೀವೆಲ್ಲ ನಾಚ್ಕೊಂಡೇ ಕುಣೀತೀರಿ ಕಣಮ್ಮ. ಬೋರ್ಡ್ ಬದಲಾಯ್ಸಲ್ಲ. ಹಾಲ್ ಬೇಕಾದ್ರೆ ಬುಟ್ಬುಡ್ತೀನಿ."

ಬಿಟ್ಟರೆ ಇನ್ನೊಂದು ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇದೇ ಬೋರ್ಡಿನಿಂದ ಆಗಲೇ ಎರಡು ಕಡೆ ಬಿಡಿಸಿದ್ದರು. ಈ ಮಹಡಿಯೂ ಹೋದರೆ ಕ್ಲಾಸೇ ಇಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಮನೆಯಲ್ಲಿ ಬೊಂಬೆ ಕೂರಿಸುತ್ತೇವೆ. ನೋಡಲು ಬಂದ ಹೆಂಗಸರು ಒಂದು ಹಾಡು ಹೇಳಬೇಕು, ಆಮೇಲೆಯೇ ಅರಿಶಿನ ಕುಂಕುಮ. ಹಾಡು ಬಾರದವರು ಬರುವುದನ್ನು ಮಾಡಬೇಕು. ಇದು ಅತ್ತೆಯ ಕಾನೂನು. ಪಕ್ಕದ ಮನೆಯ ಸೊಸೆ ಒಂದು ವರ್ಷ ಹದಿನೇಳರ ಮಗ್ಗಿ ಒಪ್ಪಿಸಿ ಕುಂಕುಮ ತೆಗೆದುಕೊಂಡು ಹೋಗಿದ್ದಳು. ನಾನು ಟೀಚರನ್ನು ಬೊಂಬೆ ನೋಡಲು ಕರೆದೆ.

ಆ ಸಂಜೆ ಕಮಿಟಿ ಪೂರ್ತಿ ನಮ್ಮ ಸೋಫಾ ಮೇಲಿತ್ತು. ಟೀಚರ್ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದರು. ಯಾರಿಗೂ ಗುರುತು ಸಿಗಲಿಲ್ಲ. ಅವರಿಗೆಲ್ಲ ಪರಿಚಯವಿದ್ದದ್ದು ಬೋರ್ಡು ಮಾತ್ರ. "ಡ್ಯಾನ್ಸ್ ಟೀಚರ್" ಎಂದೆ. ಅತ್ತೆ ಭರತನಾಟ್ಯವೇ ಇರಬೇಕು ಅಂದುಕೊಂಡು ಅರಳಿದರು.

"ಹಾಗಾದ್ರೆ ಒಂದು ಸಣ್ಣದು ಮಾಡ್ಲೇಬೇಕಮ್ಮ, ಬಿಡೋದಿಲ್ಲ."

"ನಂಗೆ ಬರಾದು ಒಂದೇ ಕಣಮ್ಮ," ಅಂದರು ಟೀಚರ್. "ನಿಮ್ಮ ಸಮಾಜದ ಮಹಡೀಲಿ ಕಲಿಸ್ತಿರೋದು."

ಕೋಸಂಬರಿ ತಿನ್ನುತ್ತಿದ್ದವರ ಚಮಚ ನಿಂತಿತು. ಸಮಾಜದ ಖಜಾಂಚಿ, "ಪಾಪ, ಅವರಿಗೆ ಹೊತ್ತಾಗುತ್ತೇನೋ, ಕುಂಕುಮ ಕೊಟ್ಬಿಡಿ" ಅಂದರು.

"ಮಗ್ಗಿ ಹೇಳ್ಸಿದೀರಿ ಅತ್ತೆ," ಅಂದೆ ನಾನು.

ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಕಾನೂನು ಮುರಿಯುವುದೋ, ಕುಂಕುಮವಿಲ್ಲದೆ ಹೆಣ್ಣುಮಗಳನ್ನು ಕಳಿಸುವುದೋ, ಬೆಲ್ಲಿ ಡ್ಯಾನ್ಸ್ ನೋಡುವುದೋ. ಕೊನೆಗೆ, "ಆ ರೂಮಿನ ಬಾಗಿಲು ಹಾಕೇ. ನಿನ್ನ ಗಂಡ ಟೀವಿ ಸೌಂಡ್ ಕಮ್ಮಿ ಮಾಡಿದಾನೆ" ಅಂದರು.

ಟೀಚರ್ ಆರತಿ ತಟ್ಟೆಯನ್ನು ಹಚ್ಚಿದ ದೀಪದ ಸಮೇತ ತಲೆಯ ಮೇಲಿಟ್ಟುಕೊಂಡರು. ನಾನು ಫೋನಿನಲ್ಲಿ ತಮಟೆ ಹಾಕಿದೆ. ಬೊಂಬೆ ಮೆಟ್ಟಿಲಿಗೂ ಟೀಪಾಯಿಗೂ ನಡುವೆ ಒಂದು ಮಣೆ ಹಿಡಿಸುವಷ್ಟು ಜಾಗ. ಅವರ ಪಾದ ಕದಲಲಿಲ್ಲ, ಸೆರಗು ಜರುಗಲಿಲ್ಲ, ದೀಪ ಅಲುಗಲಿಲ್ಲ. ಸೊಂಟ ಮಾತ್ರ ತಮಟೆಯ ಒಂದೊಂದು ಪೆಟ್ಟಿಗೂ ಉತ್ತರ ಕೊಡುತ್ತಿತ್ತು. ಪಟ್ಟದ ಬೊಂಬೆಗಳೂ ಕಮಿಟಿಯೂ ಒಂದೇ ಥರ ಕಣ್ಣು ಬಿಟ್ಟುಕೊಂಡು ನೋಡಿದವು.

ಮುಗಿದ ಮೇಲೆ ಮೊದಲು ಬಾಯಿ ಬಿಟ್ಟವರು ಕಮಿಟಿಯ ಹಿರಿಯಜ್ಜಿ. "ಇಷ್ಟೇನಾ? ಹೊಟ್ಟೆ ಎಲ್ ಕಾಣ್ತು? ಏನೇನೋ ಹೇಳಿ ಹೆದರ್ಸಿದ್ರಲ್ಲೇ ನನ್ನ." ಅವರ ಮುಖದಲ್ಲಿದ್ದದ್ದು ಅಪ್ಪಟ ನಿರಾಸೆ.

"ನಮ್ಮ ಪೂಜಾ ಕುಣಿತದ ಥರಾನೇ ಇದೆ," ಅಂದರು ಖಜಾಂಚಿ. "ಹಂಗೇ ಬರೆಸಿಬಿಡಬೋದಲ್ಲ ಬೋರ್ಡಲ್ಲಿ."

"ಅದಕ್ಕೆ ಅದರ ಹೆಸರಿದೆ ಕಣ್ರೀ. ಇದಕ್ಕೆ ಇದರ ಹೆಸರು," ಅಂದರು ಟೀಚರ್.

ಅತ್ತೆ ಎದ್ದು ಬಂದರು. ಕುಂಕುಮ ಇಟ್ಟು, ತಾಂಬೂಲದ ಜೊತೆ ಒಂದು ಬ್ಲೌಸ್ ಪೀಸು ಕೊಟ್ಟರು. ಸಾಮಾನ್ಯವಾಗಿ ಬಂದವರಿಗೆಲ್ಲ ಅತ್ತೆ ಬ್ಲೌಸ್ ಪೀಸು ಕೊಡುವುದಿಲ್ಲ.

ಮುಂದಿನ ಕಮಿಟಿ ಸಭೆ ಇಡೀ ಮೈಸೂರು ಹೆಮ್ಮೆ ಪಡುವಂಥ ತೀರ್ಮಾನ ಮಾಡಿತು. ಹಾಲ್ ಇರಲಿ, ಬೋರ್ಡೂ ಇರಲಿ. ಆದರೆ ಸಮಾಜದ ಮರ್ಯಾದೆಗಾಗಿ "ಬೆಲ್ಲಿ" ಎಂಬ ಪದದ ಮುಂದೆ ಸರಿಯಾಗಿ ಒಂದು ದೊಡ್ಡ ಕ್ರೋಟನ್ ಕುಂಡ ಇಡುವುದು. ಟೀಚರ್ ನಕ್ಕರು. "ಕುಂಡ ನಿಮ್ದು, ಎಲ್ಲಾದ್ರೂ ಇಟ್ಕೊಳಿ. ಬೋರ್ಡು ನಂದು."

ಸಮಾಜದ ಗಿಡಗಳಿಗೆ ದಿನಾ ಬೆಳಿಗ್ಗೆ ನೀರು ಹಾಕುವುದು ಅತ್ತೆ. ಬೇರೆಯವರಿಗೆ ಬಕೆಟ್ ಮುಟ್ಟಲು ಬಿಡುವುದಿಲ್ಲ. ಈಗ ಬೇಸಿಗೆ. ತುಳಸಿ, ದಾಸವಾಳ ಎಲ್ಲ ಸೊಂಪಾಗಿವೆ. ಆ ಕ್ರೋಟನ್ ಮಾತ್ರ ಎಲೆ ಉದುರಿಸಿ ಕಡ್ಡಿಯಾಗಿದೆ. ರಸ್ತೆಯಲ್ಲಿ ಹೋಗುವವರಿಗೂ ಬೋರ್ಡು ಪೂರ್ತಿ ಓದಲು ಬರುತ್ತದೆ.

"ಅದೊಂದಕ್ಕೆ ನೀರು ಹಾಕಲ್ವಾ ಅತ್ತೆ?" ಎಂದು ಮೊನ್ನೆ ಕೇಳಿದೆ.

"ಮರೆತೋಗುತ್ತೆ ಕಣೇ," ಅಂದರು. ಅವರು ಹಾಲಿನವನ ಹುಟ್ಟಿದ ಹಬ್ಬವನ್ನೂ ಮರೆಯುವವರಲ್ಲ.

ನಿಮ್ಮ ಮನೆಯಲ್ಲೂ ಹೀಗೆ ಯಾರಾದರೂ ಸೋತದ್ದನ್ನು ಬಾಯಿ ಬಿಟ್ಟು ಹೇಳದೆ, ಯಾವುದೋ ಗಿಡ ಒಣಗಿಸಿದ್ದಾರೆಯೇ? ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ. ಪಾರಾಯಣ, ಫಿಸಿಯೋಥೆರಪಿ ಅಂತ ಹೇಳಿ ಏನೇನು ಕಲಿತಿರಿ ಅನ್ನುವುದನ್ನೂ ಬರೆಯಿರಿ.