ಕೈಗೆಂದು ಬಿಟ್ಟ ಜಾಗ

ಬೆಳಗಿನ ಐದೂವರೆ. ಗೇಟಿನ ಕಾವಲುಗಾರ ಇನ್ನೂ ಆಕಳಿಸುತ್ತಿದ್ದಾನೆ. ಪಂಪ್ ತಯಾರಿಸುವ ಕಂಪನಿಯ ಎರಡನೇ ಮಹಡಿಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್. ಅದರ ಕೆಳಗೆ ಐವತ್ತಮೂರರ ಹೆಂಗಸೊಬ್ಬರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಪರದೆಯ ಮೇಲಿನ ಪಂಪನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. ಮಾರುಕಟ್ಟೆಯಲ್ಲಿ ಟೊಮೆಟೊ ಆರಿಸುವವರೂ ಇಷ್ಟು ನೋಡುವುದಿಲ್ಲ. ಕಚೇರಿಗೆಲ್ಲ ಇವರು ‘ಮಿಲ್ಲಿಮೀಟರ್ ಅಕ್ಕ’.

ಇಷ್ಟು ಬೇಗ ಯಾಕೆ ಅಂದರೆ, ಉತ್ತರ ಕೇಳಿ ನಗಬೇಕೋ ಅಳಬೇಕೋ ತಿಳಿಯದು. ವಿನ್ಯಾಸ ವಿಭಾಗದಲ್ಲಿ ಹನ್ನೊಂದು ಜನ. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಬಿಡಿಸುವ ಕ್ಯಾಡ್ ಸಾಫ್ಟ್‌ವೇರ್‌ಗೆ ಕಂಪನಿ ಕೊಂಡಿರುವ ಲೈಸೆನ್ಸ್ ಐದೇ, ಒಮ್ಮೆಗೆ ಐವರಷ್ಟೇ ಕೂರಬಹುದು. ಎಂಟೂವರೆಗೆ ಎಂಜಿನಿಯರುಗಳು ಬಂದರೆ ಅಕ್ಕ ಎದ್ದು ಜಾಗ ಬಿಡಬೇಕು. ಅದೂ ಸ್ವಂತ ಹೆಸರಿನಲ್ಲಿ ಕೂರುವ ಹಾಗಿಲ್ಲ, ಅವರು ಎಂಜಿನಿಯರ್ ಅಲ್ಲವಲ್ಲ! ವಿಭಾಗದ ಮುಖ್ಯಸ್ಥರ ಪಾಸ್‌ವರ್ಡ್ ಹಾಕಿಕೊಂಡು ಕೆಲಸ. ಡ್ರಾಯಿಂಗಿನ ಮೂಲೆಯಲ್ಲಿ ‘ಬಿಡಿಸಿದವರು’ ಎಂಬ ಪುಟ್ಟ ಚೌಕವಿರುತ್ತದೆ. ಅಲ್ಲಿ ಮುಖ್ಯಸ್ಥರ ಹೆಸರು ತಾನಾಗಿಯೇ ಬಂದು ಕೂರುತ್ತದೆ. ದಿನಕ್ಕೆ ಮೂರೋ ನಾಲ್ಕೋ ಡ್ರಾಯಿಂಗ್, ಹದಿನೆಂಟು ವರ್ಷ. ಒಂದರಲ್ಲೂ ಅಕ್ಕ ಇಲ್ಲ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಅನ್ನುವುದು ಇದಕ್ಕೇ.

ಇಪ್ಪತ್ತಕ್ಕೆ ಇಲ್ಲಿಗೆ ಬಂದಾಗ ಅವರು ಟ್ರೇಸರ್. ಎಂಜಿನಿಯರು ಪೆನ್ಸಿಲಿನಲ್ಲಿ ಗೀಚಿದ್ದನ್ನು ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ತಿದ್ದುವ ಕೆಲಸ. ಕಂಪ್ಯೂಟರ್ ಬಂದಾಗ ಎಂಟು ಟ್ರೇಸರುಗಳಲ್ಲಿ ಏಳು ಮಂದಿ ಮನೆಗೆ ಹೋದರು. ಅಕ್ಕ ಮಾತ್ರ ಊಟದ ಬಿಡುವಿನಲ್ಲಿ ಎಂಜಿನಿಯರುಗಳ ಬೆನ್ನ ಹಿಂದೆ ನಿಂತು ಕಲಿತರು. “ನೋಡ್ಬೇಡಿ ಅಂತ ಯಾರೂ ಅನ್ಲಿಲ್ಲ. ನಾನು ಅಲ್ಲಿರೋದೇ ಅವ್ರಿಗೆ ಕಾಣ್ತಿರ್ಲಿಲ್ಲ,” ಅನ್ನುತ್ತಾರೆ.

ಅಕ್ಕನ ಡ್ರಾಯಿಂಗಿಗೆ ಒಂದು ಗುರುತಿದೆ. ಪ್ರತಿ ಬೋಲ್ಟಿನ ಸುತ್ತ ಚುಕ್ಕೆಗೆರೆಯ ಒಂದು ವೃತ್ತ, ನೂರಾಹತ್ತು ಮಿಲ್ಲಿಮೀಟರ್. ಸ್ಪ್ಯಾನರ್ ಹಿಡಿದ ಕೈ ತಿರುಗಲು ಬೇಕಾದ ಜಾಗ ಅದು. ಅಳತೆ ಪುಸ್ತಕದ್ದಲ್ಲ, ಗಂಡನದು. ಕೆಳಗಿನ ಜೋಡಣಾ ಶೆಡ್ಡಿನಲ್ಲಿ ಅವರು ಫಿಟ್ಟರ್. ಅಡುಗೆಮನೆಯ ಮೇಜಿನ ಮೇಲೆ ಅವರ ಕೈಗೆ ಸ್ಪ್ಯಾನರ್ ಕೊಟ್ಟು, ತಿರುಗಿಸಲು ಹೇಳಿ, ಅಕ್ಕ ಸ್ಕೇಲ್ ಹಿಡಿದು ಅಳೆದದ್ದು. ಪರದೆಯಲ್ಲಿ ಎಲ್ಲವೂ ಎಲ್ಲದಕ್ಕೂ ಹೊಂದುತ್ತದೆ. ಕಂಪ್ಯೂಟರಿಗೆ ಕೈಯೇ ಇಲ್ಲ ನೋಡಿ.

ಎರಡು ವರ್ಷದ ಹಿಂದೆ ಗ್ರಾಹಕರೊಬ್ಬರು ಇನ್ನೂ ಚಿಕ್ಕ ಪಂಪ್ ಕೇಳಿದರು. ವೃತ್ತಗಳನ್ನು ತೆಗೆದು ಹೊರಕವಚವನ್ನು ಮೂವತ್ತು ಮಿಲ್ಲಿಮೀಟರ್ ಒಳಗೆ ತಳ್ಳಲು ಮುಖ್ಯಸ್ಥರು ಹೇಳಿದರು. ಕೈ ಹಿಡಿಸಲ್ಲ ಸಾರ್ ಎಂದು ಅಕ್ಕ ಎರಡು ಸಲ ಹೇಳಿದ್ದಾರೆ. ಹೆಸರು ನನ್ನದಲ್ಲವೇನ್ರೀ, ನಿಮಗ್ಯಾಕೆ ಚಿಂತೆ ಎಂದು ಅವರು ನಕ್ಕರು. ಅಕ್ಕ ಅಳಿಸಿದರು. ಆ ಪಂಪಿಗೆ ವಿನ್ಯಾಸ ಪ್ರಶಸ್ತಿ ಬಂತು. ಮುಖ್ಯಸ್ಥರು ಶಾಲು ಹೊದ್ದ ಫೋಟೊ ಈಗಲೂ ಮೆಟ್ಟಿಲ ಬಳಿ ತೂಗುತ್ತಿದೆ.

ನಾಲ್ಕು ತಿಂಗಳ ನಂತರ ಅದೇ ಪಂಪಿನ ಬೋಲ್ಟ್ ಬಿಗಿಯುವಾಗ ಸ್ಪ್ಯಾನರ್ ಜಾರಿತು. ಕವಚದ ಅಂಚಿಗೆ ಕೈ ಬಡಿದು ನರ ತುಂಡಾಯಿತು. ಕೈ ಅಕ್ಕನ ಗಂಡನದು. ಬಲಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ.

ವಿಚಾರಣೆ ನಡೆಯಿತು. ಡ್ರಾಯಿಂಗ್ ನನ್ನದಲ್ಲ, ಪಾಸ್‌ವರ್ಡ್ ಕೊಟ್ಟಿದ್ದೆ ಅಷ್ಟೇ ಎಂದು ಮುಖ್ಯಸ್ಥರು ಕೈ ತೊಳೆದುಕೊಂಡರು. ಅಕ್ಕನ ಹೆಸರು ಕಂಪನಿಯ ಕಾಗದದಲ್ಲಿ ಮೊದಲ ಬಾರಿಗೆ ಬಂದದ್ದು ಹಾಗೆ: ತಪ್ಪು ಮಾಡಿದವರ ಸಾಲಿನಲ್ಲಿ. ಎಚ್ಚರಿಕೆ ಪತ್ರ ಕೊಟ್ಟರು. ಮರುದಿನ ಐದೂವರೆಗೆ ಅದೇ ಪಾಸ್‌ವರ್ಡ್ ಹಾಕಿ ಅದೇ ಕುರ್ಚಿ. ಎಂಥಾ ನಾಚಿಕೆಗೆಟ್ಟ ಏರ್ಪಾಡು ಇದು!

ಗಂಡ ಒಂದು ದಿನವೂ ಬೈದಿಲ್ಲವಂತೆ. ಬೆಳಿಗ್ಗೆ ಹೊರಡುವ ಮುಂಚೆ ಅಕ್ಕನೇ ಅವರ ಅಂಗಿಯ ಗುಂಡಿ ಹಾಕಿ ಬರುತ್ತಾರೆ. ಅಷ್ಟು ಬೇಗ ಗಂಡ ಎದ್ದಿರುವುದೂ ಅದಕ್ಕಾಗಿಯೇ, ಶೆಡ್ ತೆರೆಯುವುದು ಎಂಟಕ್ಕೆ.

ಎಂಟೂವರೆಗೆ ಎಂಜಿನಿಯರ್ ಬಂದು ಕುರ್ಚಿಯ ಪಕ್ಕ ನಿಲ್ಲುತ್ತಾನೆ. ಅಕ್ಕ ಕಡತ ಉಳಿಸಿ ಎದ್ದೇಳುತ್ತಾರೆ. ಇಷ್ಟು ಹೊತ್ತು ಪಕ್ಕದಲ್ಲಿ ಕೂತು ನೋಡುತ್ತಿದ್ದ ನಾನು, ಏನಾದರೂ ಬೇಕು ಅನ್ನಿಸುತ್ತದೆಯೇ ಎಂದು ಕೇಳಿದೆ. ಪರದೆಯ ಮೂಲೆಯ ಆ ಚೌಕದ ಮೇಲೆ ಬೆರಳಿಟ್ಟರು.

“ಶಾಲೂ ಬೇಡ, ಫೋಟೊನೂ ಬೇಡ. ಇಲ್ಲಿ ನನ್ನ ಹೆಸರು ಹಾಕ್ಲಿ. ನನ್ನ ಹೆಸರು ಇದ್ದಿದ್ರೆ ಅವತ್ತು ನಾನು ಅಳಿಸ್ತಿರ್ಲಿಲ್ಲ.”