ಕುದಿಸಿದ ಹಕ್ಕರಕಿ

ಗೆಳೆಯರೇ, ಇವತ್ತು ಮಧ್ಯಾಹ್ನ ವಳಸಂಗದ ಅತ್ತೆ ಹೊಲದಿಂದ ಕಿತ್ತ ಹಕ್ಕರಕಿಯ ಸಿವುಡು ಹಿಡಿದು ಸೊಲ್ಲಾಪುರದ ನಮ್ಮ ಮನೆಗೆ ಬಂದಳು. ನಮ್ಮ ಕಡೆ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಸೊಪ್ಪು ಅದು. ರಕ್ತದ ಕ್ಯಾನ್ಸರಿನ ಔಷಧದಿಂದ ನನ್ನ ಬಿಳಿ ರಕ್ತಕಣಗಳು ತೀರ ಇಳಿದಿವೆ. ಸೋಂಕು ತಗಲಿ ಜ್ವರ ಬಂದರೆ ನೇರ ಆಸ್ಪತ್ರೆ. ಹಾಗಾಗಿ ಅತ್ತೆಯನ್ನು ನನ್ನ ಕೋಣೆಯ ಕಿಟಕಿಯಾಚೆ ಕೂರಿಸಿಯೇ ಮಾತಾಡಿಸಿದೆ.

“ಅತ್ತಿ, ಹಸೀದು ತಿನಬ್ಯಾಡ ಅಂದಾರ ಡಾಕ್ಟರು.”

“ಮೂರು ನೀರಾಗ ತೊಳದೀನಿ. ಹಕ್ಕರಕಿ ಯಾರರ ಕುದಸ್ತಾರೇನೋ?”

ನಾನು ಒಪ್ಪಲಿಲ್ಲ. ಅತ್ತೆ ಮುಖ ಬಿಗಿದುಕೊಂಡು ಅಡುಗೆಮನೆಗೆ ಹೋಗಿ, ಸೊಪ್ಪು ಕುದಿಸಿ, ತಾನೇ ಮೊದಲು ರುಚಿ ನೋಡಿದಳು.

“ಇದನ್ನ ನಮ್ಮ ಎಮ್ಮಿನೂ ಮೂಸೂದಿಲ್ಲ. ನೀ ತಿನ್ನು.”

ತಿಂದೆ. ಆಮೇಲೂ ಸಮಾಧಾನವಿಲ್ಲ, ಸಂಜೆಯೊಳಗೆ ಐದು ಸಲ ಜ್ವರ ನೋಡಿಕೊಂಡೆ. ಜ್ವರವಿರಲಿಲ್ಲ. ಊರು ಮುಟ್ಟಿದ ಅತ್ತೆ ಫೋನ್ ಮಾಡಿದಾಗ ಅದನ್ನೇ ಹೇಳಿದೆ.

“ನೋಡು, ಹಕ್ಕರಕಿ ಗುಣ ಅದು,” ಎಂದಳು. “ನಿಮ್ಮ ಡಾಕ್ಟರಗೂ ಒಂದ ಸಿವುಡು ಕಳಸ್ಲೇನು?”

“ಕಳಸು,” ಎಂದೆ. “ಅವರಿಗೆ ಹಸೀದು ನಡೀತೈತಿ.”